ಹಂಪಿಯ ಕಲ್ಲುಗಳೂ ಅಲ್ಲಿನ ಒಕ್ಕಲೂ

ಹಂಪಿಯ ಕಥೆಯನ್ನು ಹೇಳುವವರಲ್ಲಿ ಹೆಚ್ಚಿನವರು 1565ಕ್ಕೆ ಬಂದು ನಿಲ್ಲುತ್ತಾರೆ. ತಾಳಿಕೋಟೆಯ ಯುದ್ಧದ ನಂತರ ರಾಜಧಾನಿ ಹಾಳಾದದ್ದು ನಿಜ. ಆದರೆ ಆ ನೆಲದಿಂದ ಜನಜೀವನವೇ ಅಳಿಸಿಹೋಯಿತೆಂಬುದು ನಿಜವಲ್ಲ. ವಿರೂಪಾಕ್ಷನ ಪೂಜೆ ಇಂದಿಗೂ ನಡೆದಿದೆ, ಚೈತ್ರದಲ್ಲಿ ತೇರು ಹೊರಡುತ್ತದೆ, ವಿಜಯನಗರದ ಕಾಲದ, ‘ತುರ್ತು’ ಎಂಬ ಹೆಸರಿನ ಕಾಲುವೆಯ ನೀರಿನಲ್ಲೇ ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಅರಮನೆಯ ಅಡಿಪಾಯವನ್ನು ಪರಂಪರೆ ಎನ್ನುವವರು ಇನ್ನೂ ಹರಿಯುತ್ತಿರುವ ಕಾಲುವೆಯನ್ನೂ ಅದನ್ನು ನೋಡಿಕೊಂಡು ಬಂದ ರೈತರನ್ನೂ ಏನೆನ್ನಬೇಕು? ಹಂಪಿಯ ಇತ್ತೀಚಿನ ತಕರಾರುಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದಿವೆ.

1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಹಂಪಿಯ ‘ಸ್ಮಾರಕಗಳ ಸಮೂಹ’ವನ್ನು. ಆ ಚೌಕಟ್ಟಿನಲ್ಲಿ ಗುಡಿಗಳಿಗೂ ಮಂಟಪಗಳಿಗೂ ಸ್ಪಷ್ಟವಾದ ಸ್ಥಾನ ಸಿಕ್ಕಿತು. ಅವುಗಳ ನಡುವೆ ಬದುಕುತ್ತಿದ್ದ ಹಳ್ಳಿಗಳಿಗೆ ಸಿಗಲಿಲ್ಲ. ಇದರ ಪರಿಣಾಮ ಮೊದಲು ಕಂಡದ್ದು ತುಂಗಭದ್ರೆಯ ಮೇಲೆ. ಹರಿಗೋಲನ್ನು ನಂಬಿಕೊಂಡಿದ್ದ, ಎದುರು ದಡದ ಆನೆಗೊಂದಿಯವರಿಗೆ ಸೇತುವೆಯೆಂದರೆ ಆಸ್ಪತ್ರೆಗೂ ಹೊಸಪೇಟೆಯ ಮಾರುಕಟ್ಟೆಗೂ ಹತ್ತಿರದ ದಾರಿ. ಆದರೆ ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ಮತ್ತು ನದಿಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯ ಕಾಲುಸೇತುವೆಯ ಕಾಮಗಾರಿಗಳಿಂದ ಪರಿಸರಕ್ಕೆ ಧಕ್ಕೆಯಾಗುತ್ತದೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ಸರ್ಕಾರ ಕೊಟ್ಟ ಉತ್ತರದ ಮುಖ್ಯ ಭಾಗವೇ 2002ರ ಕಾಯ್ದೆ ಮತ್ತು ಅದರಡಿ ರೂಪುಗೊಂಡ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದಿತು. ವರ್ಷಗಟ್ಟಲೆ ಅರ್ಧಕ್ಕೆ ನಿಂತು ಮತ್ತೆ ಆರಂಭವಾಗಿದ್ದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಸೇತುವೆ ಕೊನೆಗೆ ಆದದ್ದು ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ.

ಸೇತುವೆಯ ಜಗಳವಾದರೂ ಸಂಚಾರಕ್ಕೆ ಸಂಬಂಧಿಸಿದ್ದು. ಬಜಾರಿನದು ವಾಸದ ಪ್ರಶ್ನೆ. ವಿರೂಪಾಕ್ಷ ದೇವಸ್ಥಾನದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ಜನ ಮನೆ ಮಾಡಿಕೊಂಡಿದ್ದರು, ಅಂಗಡಿ ಇಟ್ಟಿದ್ದರು, ಪ್ರವಾಸಿಗರು ಹೆಚ್ಚಿದಂತೆ ಊಟ-ವಸತಿಯ ವ್ಯಾಪಾರಕ್ಕೂ ಇಳಿದಿದ್ದರು. ಮಂಟಪದ ಕಂಬಗಳಿಗೆ ಇಟ್ಟಿಗೆ ಗೋಡೆ ಕಟ್ಟಿದ್ದರಿಂದ ಸ್ಮಾರಕಕ್ಕೆ ಹಾನಿಯಾಗಿತ್ತೆಂಬ ಅಧಿಕಾರಿಗಳ ಮಾತನ್ನು ತಳ್ಳಿಹಾಕಲಾಗದು. ಆದರೂ ಬಜಾರಿನಲ್ಲಿ ಜನ ಇರುವುದನ್ನೇ ಅತಿಕ್ರಮಣವೆಂದು ಕಂಡದ್ದು ವಿಚಿತ್ರವೇ ಸರಿ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬೆರಗಿನಿಂದ ವರ್ಣಿಸಿದ್ದು ಜನರಿಂದ ಕಿಕ್ಕಿರಿದ ಪೇಟೆಗಳನ್ನೇ. 2011ರ ಜುಲೈನಲ್ಲಿ ಜೆಸಿಬಿಗಳು ಬಂದವು, ನಿವಾಸಿಗಳಿಗೆ ಮುಂದೆ ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಲಾಯಿತು. ಅಲ್ಲಿ ಮನೆ ಕಟ್ಟಿಕೊಳ್ಳಬಹುದಿತ್ತು, ಆದರೆ ಗುಡಿಗೆ ಬರುವ ಭಕ್ತರನ್ನೂ ಪ್ರವಾಸಿಗರನ್ನೂ ನಂಬಿದ ಸಂಪಾದನೆ ಹಂಪಿಯಲ್ಲೇ ಉಳಿಯಿತು.

ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಹೊಸಪೇಟೆ, ಸಂಡೂರು ಭಾಗದ ಲಾರಿ, ಗ್ಯಾರೇಜು, ಕೂಲಿಯ ಬದುಕು ಅದಿರಿನ ಮೇಲೆ ನಿಂತಿದ್ದ ಕಾಲವದು. ಪ್ರವಾಸೋದ್ಯಮವೇ ಮುಂದಿನ ಆಸರೆಯೆಂಬ ಮಾತು ಬಲಗೊಳ್ಳಬೇಕಾಗಿದ್ದ ಗಳಿಗೆಯಲ್ಲಿಯೇ, ಆ ಉದ್ಯಮದಲ್ಲಿ ಸಣ್ಣ ಬಂಡವಾಳದಿಂದ ನೆಲೆಯೂರಿದ್ದ ಸ್ಥಳೀಯರು ಬೀದಿಗೆ ಬಂದಿದ್ದರು. ಸಂರಕ್ಷಣೆಗೂ ಜೀವನೋಪಾಯಕ್ಕೂ ಒಂದೇ ಯೋಜನೆಯೊಳಗೆ ಜಾಗ ಹುಡುಕದಿದ್ದುದೇ ಇಲ್ಲಿನ ದೊಡ್ಡ ಲೋಪವೆಂದು ನನಗನ್ನಿಸುತ್ತದೆ.

ವಿದೇಶಿ ಪ್ರವಾಸಿಗರಿಂದ ಹೆಸರಾಗಿದ್ದ ವಿರೂಪಾಪುರಗಡ್ಡೆಯ ರೆಸಾರ್ಟುಗಳ ಸರದಿ ಆಮೇಲಿನದು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಪರವಾಗಿ ತೀರ್ಪಿತ್ತಿತು, ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಬೇಡಿಕೆ ಮಾತ್ರ ಕರಗಲಿಲ್ಲ. ಅದು ಸಾಣಾಪುರ, ಆನೆಗೊಂದಿಯತ್ತ ಸರಿಯಿತು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲದಿಂದ ಊರಿನ ಹೆಂಗಸರಿಗೆ ದುಡಿಮೆ ಒದಗಿಸಿರುವುದು ಬೇರೆ ಬಗೆಯ ಪ್ರಯತ್ನ, ಗಾತ್ರದಲ್ಲಿ ಸಣ್ಣದಾದರೂ.

ಈಗ ಒತ್ತಡ ಅಂಜನಾದ್ರಿಯ ಕಡೆಗಿದೆ. ಹನುಮನ ಜನ್ಮಸ್ಥಳವೆಂಬ ನಂಬಿಕೆಯಿಂದ ಏರಿಬರುವ ಭಕ್ತರಿಗಾಗಿ ವಾಹನ ನಿಲುಗಡೆ, ರಸ್ತೆ, ಯಾತ್ರಿನಿವಾಸಗಳಿಗೆ ಜಮೀನು ಬೇಕಾಗಿದೆ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾದ ಮೇಲೆ ಹಂಪಿ ಅಲ್ಲಿಗೆ ಸೇರಿದೆ, ಅಂಜನಾದ್ರಿ ಮತ್ತು ಆನೆಗೊಂದಿ ಕೊಪ್ಪಳದಲ್ಲಿವೆ. ಎರಡು ಜಿಲ್ಲಾಡಳಿತಗಳು, ಪ್ರಾಧಿಕಾರ, ಪುರಾತತ್ವ ಇಲಾಖೆ, ಮುಜರಾಯಿ ಇಲಾಖೆಗಳ ನಡುವೆ ಗ್ರಾಮ ಪಂಚಾಯಿತಿಯ ಮಾತಿಗೆ ಎಷ್ಟು ತೂಕವೆಂಬುದು ಆ ಜಮೀನು ಗುರುತಿಸುವಾಗಲೇ ಗೊತ್ತಾಗಲಿದೆ.