ಸೈಕಲ್‌ನಲ್ಲಿ ದುರ್ಗ ಸುತ್ತಿ ಅದೇ ದಿನ ಕೋಟೆಯನ್ನೂ ನೋಡಬಹುದಾ?

ಓದುಗರ ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ಮೂವರೂ ಸೈಕಲ್ ತುಳಿಯುತ್ತೇವೆ. ಮಗಳಿಗೆ 11 ವರ್ಷ. ಹೊರದೇಶಗಳಲ್ಲಿ ಗೈಡ್ ಜೊತೆ ಸೈಕಲ್ ಮೇಲೆ ಊರು ಸುತ್ತಿ, ಕೊನೆಗೆ ಹೆಸರಾದ ಒಂದು ಜಾಗ ತೋರಿಸುತ್ತಾರಲ್ಲ, ಹಾಗೆ ಚಿತ್ರದುರ್ಗ ನೋಡುವ ಆಸೆ. ಒಂದೇ ದಿನಕ್ಕೆ ಆಗುತ್ತಾ? ಮೊದಲು ಕೋಟೆಯೋ, ಮೊದಲು ಊರೋ? ಗೈಡ್ ಬೇಕೇ ಬೇಕಾ?

ಉತ್ತರ: ಆಗುತ್ತದೆ, ಆರಾಮಾಗಿ ಆಗುತ್ತದೆ. ಊರು ಸುತ್ತಲು ಎರಡೂವರೆ ಗಂಟೆ, ಕೋಟೆಗೆ ಮೂರು ಗಂಟೆ ಇಟ್ಟುಕೊಳ್ಳಿ. ನಡುವೆ ತಿಂಡಿಗೆ ಅರ್ಧ ಗಂಟೆ. ಸೈಕಲ್ ತುಳಿಯುವುದು ಎಲ್ಲ ಸೇರಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ದೂರ ಏನೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಬಿಸಿಲು ಮತ್ತು ಬಂಡೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಹೊರದೇಶದ ಆ ಟೂರ್‌ಗಳನ್ನು ಇಲ್ಲಿಗೆ ಹಾಗೇ ತಂದು ಕೂರಿಸಬೇಡಿ. ಪ್ಯಾರಿಸ್‌ನಲ್ಲಿ ಸೈಕಲ್ ಟೂರಿಗೆ ಐಫೆಲ್ ಟವರ್ ಸೇರಿಸಿ ಮಾರುತ್ತಾರೆ ಅಂದರೆ ಅದಕ್ಕೊಂದು ಲೆಕ್ಕ ಇದೆ. ಅಲ್ಲಿ ಟಿಕೆಟ್ ಸಾಲು ಉದ್ದ. ಹೊತ್ತು ಗೊತ್ತುಮಾಡಿದ ಟಿಕೆಟನ್ನು ಮೊದಲೇ ತೆಗೆದಿಟ್ಟರೆ ಜನರಿಗೆ ಅನುಕೂಲ. ನಮ್ಮ ಕೋಟೆಯಲ್ಲಿ ಆ ರಗಳೆ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದಾಗ ಗದ್ದಲ ಇರುತ್ತದೆ. ಉಳಿದ ದಿನ ಬೆಳಿಗ್ಗೆ ಹೋದರೆ ಕೌಂಟರಿನಲ್ಲಿ ನಿಮ್ಮ ಹಿಂದೆ ಒಬ್ಬರೋ ಇಬ್ಬರೋ ಇದ್ದರೆ ಹೆಚ್ಚು. ಟಿಕೆಟ್ ಸುಮಾರು 25 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಹಾಗಾದರೆ ದುರ್ಗದಲ್ಲಿ ಸೈಕಲ್ ಯಾಕೆ? ಕಾರಿನಲ್ಲಿ ನೇರ ಕೋಟೆ ಮುಂದೆ ಇಳಿಯಬಹುದಲ್ಲ?

ಇಳಿಯಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಹಾಗೆ ಬಂದವರು ಕೋಟೆಯನ್ನು ಮಧ್ಯದಿಂದ ನೋಡಲು ಶುರು ಮಾಡಿರುತ್ತಾರೆ. ಏಳು ಸುತ್ತಿನ ಕೋಟೆ ಅಂತ ಬಾಯಿತುಂಬ ಹೇಳುತ್ತೇವೆ. ಆ ಏಳೂ ಬೆಟ್ಟದ ಮೇಲಿಲ್ಲ. ಹೊರಗಿನ ಸುತ್ತುಗಳು ಕೆಳಗೆ, ನೆಲದ ಮೇಲೆ ಇದ್ದವು. ಊರು ಬೆಳೆಯುತ್ತಾ ಅವುಗಳ ಮೇಲೆ, ಪಕ್ಕದಲ್ಲಿ, ಒತ್ತಿಕೊಂಡು ಮನೆಗಳು ಎದ್ದವು. ಹೊರಸುತ್ತಿನ ರಂಗಯ್ಯನಬಾಗಿಲು ಈಗ ಪೇಟೆಯ ಮಧ್ಯೆ ನಿಂತಿದೆ. ಆಟೋದಲ್ಲಿ ಹೋದರೆ ಅದು ಬರೀ ಒಂದು ಸ್ಟಾಪಿನ ಹೆಸರು. ಕಾರಿನಲ್ಲಿ ಹೋದರೆ ಹಿಂದಿನವರ ಹಾರ್ನ್ ನಿಲ್ಲಲು ಬಿಡುವುದಿಲ್ಲ. ಸೈಕಲ್ ಆದರೆ ಬ್ರೇಕ್ ಒತ್ತಿ, ಒಂದು ಕಾಲು ನೆಲಕ್ಕೆ ಊರಿ, ತಲೆ ಎತ್ತಿ ಕಲ್ಲಿನ ಕೆಲಸ ನೋಡಬಹುದು. ಹೊರಗಿನ ಸುತ್ತು ಸೈಕಲ್‌ನಲ್ಲಿ, ಒಳಗಿನ ಸುತ್ತು ಕಾಲ್ನಡಿಗೆಯಲ್ಲಿ. ನನ್ನ ಪ್ರಕಾರ ಕೋಟೆಯನ್ನು ಪೂರ್ತಿ ನೋಡಲು ಇದೇ ಸರಿಯಾದ ದಾರಿ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಗಾಂಧಿ ವೃತ್ತದಿಂದ ಬೆಳಿಗ್ಗೆ ಆರಕ್ಕೆ. ಲಕ್ಷ್ಮೀ ಬಜಾರಿನ ಅಂಗಡಿಗಳ ಶಟರ್ ಆಗ ಇನ್ನೂ ಕೆಳಗಿರುತ್ತವೆ. ಹತ್ತು ಗಂಟೆಗೆ ಅದೇ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ಅಲ್ಲಿಂದ ಚಿಕ್ಕಪೇಟೆ ಕಡೆ, ಆನೆಬಾಗಿಲು, ರಂಗಯ್ಯನಬಾಗಿಲು. ಬಾಗಿಲಿನ ಬಳಿಯೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಅಷ್ಟು ಹೊತ್ತಿಗೆ ಅದು ತೆರೆದಿರುವುದಿಲ್ಲ, ವಾಪಸ್ ಬರುವಾಗ ನೋಡಿಕೊಳ್ಳಿ. ಆಮೇಲೆ ದೊಡ್ಡಪೇಟೆಯ ಓಣಿಗಳು, ಉಚ್ಚಂಗಮ್ಮನ ಗುಡಿ, ಸಂತೆಹೊಂಡ.

ಸಂತೆಹೊಂಡದ ಹತ್ತಿರ ಸುಮ್ನೆ ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ. ನೋಡಲು ಅದು ಊರೊಳಗಿನ ಒಂದು ಹೊಂಡ ಅಷ್ಟೇ. ಆದರೆ ಅದರ ನೀರಿನ ದಾರಿ ಬೆಟ್ಟದ ಮೇಲಿಂದ ಬರುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಓಬವ್ವನ ಕಿಂಡಿ ಹತ್ತಿರದ ತಣ್ಣೀರು ದೋಣಿಗೆ, ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆ ಒಂದರಿಂದ ಒಂದಕ್ಕೆ ಇಳಿದು ಬರುವ ಏರ್ಪಾಟು. ಮೋಟರೂ ಇಲ್ಲ, ಪೈಪೂ ಇಲ್ಲ. ಇಳಿಜಾರು ಒಂದೇ. ಈ ಕಡೆ ಮಳೆ ಕಡಿಮೆ, ಅದು ನಿಮಗೂ ಗೊತ್ತು. ಇಷ್ಟು ಒಣ ಸೀಮೆಯಲ್ಲಿ ಮುತ್ತಿಗೆ ಬಿದ್ದಾಗ ತಿಂಗಳುಗಟ್ಟಲೆ ಕೋಟೆ ಹಿಡಿದು ಕೂರಬೇಕು ಅಂದರೆ ಗೋಡೆಯಷ್ಟೇ ನೀರೂ ಮುಖ್ಯ. ಅದಕ್ಕೇ ಹೊಂಡಗಳನ್ನು ನಾನು ಫಿರಂಗಿ ಬತೇರಿಗಳಿಗಿಂತ ಮೇಲೆ ಇಡುತ್ತೇನೆ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಒಳ್ಳೆ ಮಳೆ ಆದ ವರ್ಷ ಬಂದರೆ ಮೇಲಿನಿಂದ ಕೆಳಗಿನವರೆಗೂ ಹೊಂಡಗಳು ತುಂಬಿರುವುದನ್ನು ನೋಡಬಹುದು. ಸೈಕಲ್‌ನಲ್ಲಿ ಬಂದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾವ ರಸ್ತೆ ಏರು, ಯಾವುದು ಇಳಿಜಾರು ಅಂತ ಕಾಲಿಗೇ ಗೊತ್ತಿರುತ್ತದಲ್ಲ.

ಅಲ್ಲಿಂದ ಚಂದ್ರವಳ್ಳಿ. ಪೇಟೆಯಿಂದ ಸುಮಾರು ಮೂರು ಕಿಲೋಮೀಟರ್. ಕೋಟೆ ಬೆಟ್ಟದ ಪಶ್ಚಿಮಕ್ಕೆ, ಗುಡ್ಡಗಳ ಮಧ್ಯೆ ಒಂದು ಕೆರೆ. ಬೆಳಿಗ್ಗೆ ವಾಕಿಂಗ್ ಬರುವವರೇ ಜಾಸ್ತಿ. ಮದಕರಿ ನಾಯಕರ ಕಾಲದ ಕಥೆಯನ್ನಷ್ಟೇ ಕೇಳಿಕೊಂಡು ಬಂದವರಿಗೆ ಚಂದ್ರವಳ್ಳಿ ಎಷ್ಟು ಹಳೆಯದು ಅಂತ ಗೊತ್ತಿರುವುದಿಲ್ಲ. ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ವಿಷಯ ಏನು ಗೊತ್ತಾ? ಇಲ್ಲಿಯ ಕೆರೆ. ಅಂದರೆ ನಾಲ್ಕನೇ ಶತಮಾನದಲ್ಲೇ ಈ ಕಣಿವೆಯಲ್ಲಿ ನೀರು ಹಿಡಿದು ನಿಲ್ಲಿಸುವ ಕೆಲಸ ನಡೆದಿತ್ತು. ಮೇಲಿನ ಹೊಂಡಗಳ ಕಥೆ ನಾಯಕರಿಂದ ಶುರುವಾದದ್ದು ಅಂದುಕೊಳ್ಳುವವರು ಇಲ್ಲೊಮ್ಮೆ ನಿಂತು ಹೋಗಬೇಕು. ಇದೇ ಜಾಗದಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದರು. ಅದಕ್ಕೂ ಮೊದಲು ನಮ್ಮ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆಸಿದ್ದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಎಲ್ಲಿಯ ರೋಮ್, ಎಲ್ಲಿಯ ದುರ್ಗ!

ಪಕ್ಕದಲ್ಲೇ ಅಂಕಲಿ ಮಠದ ಗುಹೆ. ಮೆಟ್ಟಿಲಿಳಿದು ಒಳಗೆ ಹೋದರೆ ಒಂದರೊಳಗೊಂದು ಕೋಣೆಗಳು, ಗವ್ ಅನ್ನುವ ಕತ್ತಲು. ಟಾರ್ಚ್ ಬೇಕು. ಮೊಬೈಲ್ ಬೆಳಕು ನಂಬಿ ಇಳಿಯಬೇಡಿ. ದಾರಿ ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಹೋಗಿ. ಇಲ್ಲದಿದ್ದರೆ ಬಾಗಿಲಲ್ಲೇ ನೋಡಿ ಬನ್ನಿ, ನಷ್ಟವೇನಿಲ್ಲ.

ಒಂದು ಎಚ್ಚರಿಕೆ. ಹಿಂದೂ ಮಹಾಗಣಪತಿ ಶೋಭಾಯಾತ್ರೆ ಮುಗಿದು ವಿಸರ್ಜನೆ ಆಗುವುದು ಚಂದ್ರವಳ್ಳಿಯಲ್ಲೇ. ಆ ದಿನ ಸೈಕಲ್ ಯೋಚನೆಯೇ ಬೇಡ. ಇಡೀ ಊರು ರಸ್ತೆಯಲ್ಲಿರುತ್ತದೆ.

ಈಗ ಮೊದಲು ಯಾವುದು ಅನ್ನುವ ಪ್ರಶ್ನೆ. ಇದು ತಿಂಗಳ ಮೇಲೆ ನಿಂತಿದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಆದರೆ ಆರಕ್ಕೆ ಸೈಕಲ್, ಎಂಟೂವರೆಗೆ ತಿಂಡಿ, ಒಂಬತ್ತಕ್ಕೆ ಕೋಟೆ. ಹನ್ನೆರಡಕ್ಕೆ ಇಳಿದು ಬರುತ್ತೀರಿ. ಮಾರ್ಚ್‌ನಿಂದ ಮೇವರೆಗೆ ಹಾಗೆ ಮಾಡಬೇಡಿ. ಕೋಟೆ ಪೂರ್ತಿ ಬಂಡೆ. ಹತ್ತು ಗಂಟೆ ದಾಟಿತೆಂದರೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಲ್ಲಿನ ಕಾವು. ಆಗ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದ ಕೂಡಲೇ ಕೋಟೆ ಹತ್ತಿ, ಒಂಬತ್ತಕ್ಕೆ ಇಳಿಯಿರಿ. ಸಂಜೆ ನಾಲ್ಕೂವರೆ ಮೇಲೆ ಚಂದ್ರವಳ್ಳಿ ಕಡೆ ಸೈಕಲ್. ಜೂನ್‌ನಿಂದ ಆಗಸ್ಟ್ ತಂಪು, ಆದರೆ ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಎದುರುಗಾಳಿಯಲ್ಲಿ ಮೂರು ಕಿಲೋಮೀಟರ್ ಆರಾದಂತೆ ಆಗುತ್ತದೆ.

ಇನ್ನು ಕೋಟೆಯ ವಿಷಯ. ಸೈಕಲ್ ಒಳಗೆ ಬಿಡುವುದಿಲ್ಲ. ಬಿಟ್ಟರೂ ತುಳಿಯಲು ಆಗದ ಜಾಗ ಅದು, ಎಲ್ಲಾ ಮೆಟ್ಟಿಲು ಮತ್ತು ಬಂಡೆ. ಹೊರಗೆ ಪಾರ್ಕಿಂಗ್ ಜಾಗದಲ್ಲಿ ಕಂಬಕ್ಕೋ ಕಂಬಿಗೋ ಚೈನ್ ಹಾಕಿ ಬೀಗ ಹಾಕಿ. ಮೂರು ಸೈಕಲ್‌ಗೂ ಸೇರಿಸಿ ಒಂದೇ ಉದ್ದದ ಚೈನ್ ತಂದರೆ ಒಳ್ಳೆಯದು. ಲೈಟು, ಪಂಪು, ನೀರಿನ ಬಾಟಲಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಹೊರಗೆ ಬಿಟ್ಟ ತಿನ್ನುವ ಪದಾರ್ಥ ಮಂಗಗಳಿಗೆ ಅಂತಲೇ ಲೆಕ್ಕ. ಒಳಗೂ ಅವುಗಳದೇ ರಾಜ್ಯ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ತೂಗಾಡಿಸಿಕೊಂಡು ಹೋದರೆ ಕಸಿದುಕೊಂಡೇ ಹೋಗುತ್ತವೆ.

ಶೂ ಬಗ್ಗೆ ಒತ್ತಿ ಹೇಳುತ್ತೇನೆ. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಸೈಕ್ಲಿಂಗ್ ಶೂ ಹಾಕಿಕೊಂಡು ಬರಬೇಡಿ. ನುಣುಪು ಬಂಡೆ ಮೇಲೆ ಅದು ಜಾರುತ್ತದೆ. ರಬ್ಬರ್ ಅಡಿಯ ಮಾಮೂಲಿ ಶೂ ಸಾಕು.

ಒಳಗೆ ಹೋದಾಗ ಗೋಡೆ ನೋಡುವ ಮೊದಲು ದಾರಿ ನೋಡಿ. ಬಾಗಿಲಿಗೆ ನೇರ ದಾರಿ ಇಲ್ಲ. ತಿರುಗಿ, ಮತ್ತೆ ತಿರುಗಿ ಹೋಗಬೇಕು. ಆನೆ ಓಡಿ ಬಂದು ಬಾಗಿಲು ಗುದ್ದಲು ಜಾಗ ಸಿಗದ ಹಾಗೆ ಮಾಡಿದ ಉಪಾಯ. ಸ್ವಲ್ಪ ಮುಂದೆ ಸಿಡಿಮದ್ದು ಬೀಸುವ ಕಲ್ಲುಗಳು. ಒಂದೊಂದೂ ಆಳೆತ್ತರದ ಚಕ್ರ. ದಾರಿಯುದ್ದಕ್ಕೂ ಕೆಲವು ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕಾಕಾರದ ಕಚ್ಚುಗಳು ಕಾಣುತ್ತವೆ. ಬೆರಳಿಟ್ಟು ನೋಡಿ, ಒಂದೇ ಅಳತೆ. ಬಂಡೆ ಸೀಳಿದ ಗುರುತು ಅದು. ಸಾಲಾಗಿ ಗುಳಿ ಹೊಡೆದು, ಅದರೊಳಗೆ ಮರದ ಬೆಣೆ ಬಡಿದು, ನೀರು ಹಾಕುತ್ತಿದ್ದರು. ಮರ ನೆನೆದು ಉಬ್ಬಿದಾಗ ಬಂಡೆ ಗೆರೆ ಹಿಡಿದು ಸೀಳುತ್ತಿತ್ತು. ಅರ್ಧ ಕಚ್ಚು ಇಲ್ಲೇ ಉಳಿದಿದೆ. ಇನ್ನರ್ಧ ಎದುರಿನ ಗೋಡೆಯಲ್ಲಿ ಎಲ್ಲೋ ಇರಬೇಕು. ಮಗಳಿಗೆ ಹುಡುಕಲು ಹೇಳಿ, ದಣಿವು ಮರೆಯುತ್ತಾಳೆ.

ಓಬವ್ವನ ಕಿಂಡಿಯನ್ನು ಯಾರೂ ತಪ್ಪಿಸುವುದಿಲ್ಲ, ಅದನ್ನು ನಾನು ಹೇಳಬೇಕಿಲ್ಲ. ಆದರೆ ಬರೀ ಫೋಟೋ ತೆಗೆದು ಬರಬೇಡಿ. ಸಂದಿಯೊಳಗೆ ನುಸುಳಿ ನೋಡಿ. ಬಗ್ಗಬೇಕು, ಮೈ ಓರೆ ಮಾಡಬೇಕು, ಮೊದಲು ತಲೆಯೇ ಹೊರಗೆ ಬರಬೇಕು. ಒಳಗೆ ನಿಂತವರ ಕೈಯಲ್ಲಿ ಒನಕೆ ಇದ್ದರೆ ಏನಾಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಒಬ್ಬೊಬ್ಬರೇ ಬರಬೇಕಾದ ಜಾಗದಲ್ಲಿ ದಂಡು ಎಷ್ಟು ದೊಡ್ಡದಿದ್ದರೇನು? ತಣ್ಣೀರು ದೋಣಿಯಿಂದ ಕಿಂಡಿಗೆ ಎಷ್ಟು ಹತ್ತಿರ ಅಂತಲೂ ನೋಡಿ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದ, ನೀರು ತರಲು ಹೋದ ಓಬವ್ವನಿಗೆ ಶತ್ರುಗಳ ಸದ್ದು ಕೇಳಿಸಿತು ಅನ್ನುತ್ತಾರಲ್ಲ, ಆ ಮಾತು ಜಾಗ ನೋಡಿದ ಮೇಲೆ ನಂಬುವಂತಾಗುತ್ತದೆ. ಹೈದರಾಲಿ ಕೋಟೆ ಗೆದ್ದದ್ದು ಆಮೇಲೆ, 1779ರಲ್ಲಿ.

ಗೈಡ್ ಬೇಕಾ? ಕೋಟೆಗೆ ಬೇಕು. ನನ್ನ ಅಭಿಪ್ರಾಯ ಖಡಾಖಂಡಿತ. ಒಳಗೆ ದಾರಿಗಳು ಕವಲೊಡೆಯುತ್ತವೆ. ಫಲಕ ಓದಿಕೊಂಡು ಹೋದರೆ ಅರ್ಧ ಜಾಗ ತಪ್ಪುತ್ತವೆ. ಕೋಟೆ ಬಾಗಿಲ ಹತ್ತಿರವೇ ಗೈಡ್‌ಗಳು ಇರುತ್ತಾರೆ. ಗುರುತಿನ ಚೀಟಿ ಇರುವವರನ್ನೇ ಕರೆಯಿರಿ. ದುಡ್ಡು ಎಷ್ಟು, ಎಷ್ಟು ಹೊತ್ತು, ಕಿಂಡಿ ಮತ್ತು ಮೇಲಿನ ಹೊಂಡಗಳು ಸೇರುತ್ತವಾ ಅಂತ ಮೊದಲೇ ಮಾತಾಡಿಕೊಳ್ಳಿ. "ಅಣ್ಣಾ, ನಮಗೆ ನೀರಿನ ದಾರಿ ಪೂರ್ತಿ ತೋರಿಸಬೇಕು" ಅಂದುಬಿಡಿ. ಬಹಳ ಜನ ಓಬವ್ವ, ಏಕನಾಥೇಶ್ವರಿ ಗುಡಿ, ಫೋಟೋ, ಮುಗೀತು ಅಂತ ಓಡುವವರೇ. ನೀವು ಬೇರೆ ಏನಾದರೂ ಕೇಳಿದರೆ ಗೈಡ್‌ಗಳಿಗೂ ಹುಮ್ಮಸ್ಸು ಬರುತ್ತದೆ.

ಊರಿನ ಭಾಗಕ್ಕೆ ಗೈಡ್ ಬೇಡ, ಸ್ಥಳೀಯರೊಬ್ಬರು ಜೊತೆ ತುಳಿದರೆ ಸಾಕು. ಹಂಪಿಯಲ್ಲಿ ಸಿಗುವ ಹಾಗೆ ಇಲ್ಲಿ ಹೆಜ್ಜೆಗೊಂದು ಬಾಡಿಗೆ ಸೈಕಲ್ ಅಂಗಡಿ ಇಲ್ಲ. ನಿಮ್ಮದೇ ಸೈಕಲ್ ತನ್ನಿ. ಮುಂದೆ ದಾರಿ ಗೊತ್ತಿರುವವರು, ಮಧ್ಯೆ ಮಗಳು, ಹಿಂದೆ ನಿಮ್ಮಲ್ಲೊಬ್ಬರು. ದೊಡ್ಡ ಊರುಗಳ ಟೂರಿನಲ್ಲೂ ಇದೇ ಕ್ರಮ.

ದಾವಣಗೆರೆಯಿಂದ ಸೈಕಲ್ ತರುವುದು ಹೇಗೆ ಅಂದರೆ, ಕಾರಿದ್ದರೆ ಮುಂದಿನ ಚಕ್ರ ಬಿಚ್ಚಿ ಒಳಗೆ ಹಾಕಿ ಅಥವಾ ಹಿಂದೆ ಕ್ಯಾರಿಯರ್ ಕಟ್ಟಿ. ತುಳಿದುಕೊಂಡೇ ಬರುತ್ತೇವೆ ಅನ್ನುವುದಾದರೆ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ಅಭ್ಯಾಸ ಇರುವ ದೊಡ್ಡವರಿಗೆ ಕಷ್ಟವಲ್ಲ. ಆದರೆ ಅದನ್ನೂ, ಊರನ್ನೂ, ಕೋಟೆಯನ್ನೂ ಒಂದೇ ದಿನಕ್ಕೆ ತುರುಕಬೇಡಿ. ಲಾರಿಗಳ ಪಕ್ಕ 11 ವರ್ಷದ ಮಗುವನ್ನಂತೂ ಖಂಡಿತ ಬೇಡ. ಪಂಕ್ಚರ್ ಕಿಟ್ ಮರೆಯಬೇಡಿ, ಚಂದ್ರವಳ್ಳಿ ಸುತ್ತಮುತ್ತ ಜಾಲಿ ಮುಳ್ಳು ಜಾಸ್ತಿ. ಮುಳ್ಳು ಚುಚ್ಚಿದ್ದು ಕಂಡರೆ ರಸ್ತೆ ಮಧ್ಯೆ ಕೀಳಬೇಡಿ. ಅದು ಒಳಗಿರುವವರೆಗೂ ಗಾಳಿ ನಿಧಾನಕ್ಕೆ ಹೋಗುತ್ತದೆ. ನೆರಳಿರುವ ಜಾಗಕ್ಕೆ ಹೋಗಿ ಆಮೇಲೆ ಕಿತ್ತು ಪ್ಯಾಚ್ ಹಾಕಿ.

ಮಗಳ ಬಗ್ಗೆ ಕೇಳಿದ್ದೀರಿ. ಊರಿನ ಸುತ್ತು ಅವಳಿಗೆ ಏನೂ ಅಲ್ಲ. ಕೋಟೆಯಲ್ಲಿ ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು, ಹೊಂಡಗಳವರೆಗೂ ಸಲೀಸಾಗಿ ನಡೆಯುತ್ತಾಳೆ. ಬಂಡೆಯ ಮೇಲಿರುವ ತುಪ್ಪದ ಕೊಳಕ್ಕೆ ಹತ್ತುವುದು ಮಾತ್ರ ಅಲ್ಲಿ ನಿಂತು ನೋಡಿ ತೀರ್ಮಾನ ಮಾಡಿ. ಕಡಿದಾದ ಬಂಡೆಯಲ್ಲಿ ಕಾಲಿನ ತುದಿ ಮಾತ್ರ ಹಿಡಿಯುವಂಥ ಕಚ್ಚುಗಳಿವೆ. ಹತ್ತುವುದಕ್ಕಿಂತ ಇಳಿಯುವಾಗ ಎದೆ ಹೊಡೆದುಕೊಳ್ಳುತ್ತದೆ. ಬಂಡೆ ಒದ್ದೆ ಇದ್ದರೆ ದೊಡ್ಡವರೂ ಹತ್ತಬಾರದು. ಮತ್ತೆ, ಅವಳ ಶಾಲೆಯ ಐಡಿ ಕಾರ್ಡ್ ಬ್ಯಾಗಿನಲ್ಲಿರಲಿ. ಎತ್ತರದ ಮಕ್ಕಳಾದರೆ ಕೌಂಟರಿನಲ್ಲಿ ವಯಸ್ಸು ಕೇಳುತ್ತಾರೆ.