ಸೆಕೆಂಡ್ ಲ್ಯಾಂಗ್ವೇಜ್: ಮಾರ್ಕ್ಸ್ ಕಾರ್ಡ್ ಲೆಕ್ಕ ಬೇರೆ, ಇದು ಬೇರೆ

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಅಂಟಿಸಿದ್ದ ಒಂದು ಪೋಸ್ಟರ್: "ಫಾರಿನ್ ಮಕ್ಕಳಿಗೆ ಮನೆಯಿಂದಲೇ ಇಂಗ್ಲಿಷ್ ಕಲಿಸಿ. ಇಎಸ್‌ಎಲ್ ಟ್ರೈನಿಂಗ್. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜ್ ಇದ್ದವರಿಗೆ ಮೊದಲ ಆದ್ಯತೆ." ಮಾರ್ಕ್ಸ್ ಕಾರ್ಡಿನ ಸೆಕೆಂಡ್ ಲ್ಯಾಂಗ್ವೇಜನ್ನೇ ಇಎಸ್‌ಎಲ್‌ನ ಸೆಕೆಂಡ್ ಅಂದುಕೊಳ್ಳುವ ಈ ಗೊಂದಲವನ್ನು ವಾಟ್ಸಾಪ್ ಗ್ರೂಪುಗಳಲ್ಲೂ ನೋಡಿದ್ದೇನೆ, ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಸಾಕಾಯ್ತು, ಬರೆದೇ ಬಿಡುತ್ತೇನೆ.

ಇಎಸ್‌ಎಲ್ ಅಂದರೆ ಇಂಗ್ಲಿಷ್ ಆಸ್ ಎ ಸೆಕೆಂಡ್ ಲ್ಯಾಂಗ್ವೇಜ್, ಎರಡನೇ ಭಾಷೆಯಾಗಿ ಇಂಗ್ಲಿಷ್. ಅದರಲ್ಲಿರುವ ‘ಎಸ್’ ಅಂದರೆ ಸೆಕೆಂಡ್, ಅದೇನೋ ಸರಿ. ಆದರೆ ನಮ್ಮ ಮಾರ್ಕ್ಸ್ ಕಾರ್ಡಿನ ಸೆಕೆಂಡ್‌ಗೂ ಅದಕ್ಕೂ ಹೆಸರೊಂದೇ, ಸಂಬಂಧ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಅಂದರೆ 125 ಅಂಕದ ಪೇಪರು. ಉಳಿದವೆಲ್ಲ ನೂರು ನೂರರವು. 625 ಹೊಂದಿಸುವ ಲೆಕ್ಕ ಅದು, ಅಷ್ಟೇ. ಮಗು ಯಾವ ಭಾಷೆಯಲ್ಲಿ ಹಟ ಮಾಡುತ್ತದೆ, ಯಾವುದರಲ್ಲಿ ಜಗಳ ಆಡುತ್ತದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಬೇಲೂರಿನ ಇಂಗ್ಲಿಷ್ ಮೀಡಿಯಂ ಹುಡುಗಿಯೊಬ್ಬಳು ಇಂಗ್ಲಿಷನ್ನೇ ಪ್ರಥಮ ಭಾಷೆಯಾಗಿ ತಗೊಂಡಿರುತ್ತಾಳೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರದೂ ಕನ್ನಡ. ಪೇಪರ್ ಬರೆದ ಮಾತ್ರಕ್ಕೆ ಅವಳ ಮೊದಲ ಭಾಷೆ ಇಂಗ್ಲಿಷ್ ಆಗಿಬಿಡುತ್ತಾ?

ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿದ್ದರೆ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಸಿಗುತ್ತದೆ. ತಮಿಳು ಮಾತಾಡುವ ಮನೆಯ ಹುಡುಗ. ಕನ್ನಡವನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಗೋಲಿ ಆಡುತ್ತ, ಅಂಗಡಿಗೆ ಹೋಗಿ ಬರುತ್ತ, ಅವರಿವರ ಹತ್ತಿರ ಬೈಸಿಕೊಳ್ಳುತ್ತ ಕಲಿತ. ಭಾಷೆ ಕಲಿಸುವವರು ಸೆಕೆಂಡ್ ಲ್ಯಾಂಗ್ವೇಜ್ ಅನ್ನುವುದು ಇಂಥದ್ದಕ್ಕೆ, ಅಂದರೆ ಈ ಹುಡುಗನ ಕನ್ನಡಕ್ಕೆ. ಮೊದಲ ಭಾಷೆ ಬಂದ ಮೇಲೆ ಬಂದದ್ದು, ಮನೆಯಿಂದ ಆಚೆ ಕಾಲಿಟ್ಟರೆ ಬೇಕೇ ಬೇಕಾದದ್ದು. ಅವನ ಮಾರ್ಕ್ಸ್ ಕಾರ್ಡ್ ಮಾತ್ರ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ ಅನ್ನುತ್ತದೆ. ತಮಿಳಿನ ಸುದ್ದಿಯೇ ಇಲ್ಲ! ಬ್ರಿಟನ್ನಿನ ಶಾಲೆಗಳಲ್ಲಿ ಈಗ ಒಂದು, ಎರಡು ಅಂತ ಎಣಿಸುವ ಗೋಜಿಗೇ ಹೋಗದೆ ‘ಇಎಎಲ್’ ಅನ್ನುತ್ತಾರೆ. ಹೆಚ್ಚುವರಿ ಭಾಷೆಯಾಗಿ ಇಂಗ್ಲಿಷ್ ಅಂತ. ಜಾಣತನ.

ಸೆಕೆಂಡ್ ಪದದ ಬೇರು ಲ್ಯಾಟಿನ್ನಿನ ‘ಸೆಕುಂಡುಸ್’. ಬೆನ್ನಿಗೇ ಬರುವುದು ಅಂತ ಅರ್ಥ. ಬಂದ ಕ್ರಮದ ಮಾತು ಇದು, ಬಲದ ಮಾತಲ್ಲ. ನ್ಯೂಜೆರ್ಸಿಯಲ್ಲಿರುವ ಮೊಮ್ಮಗನಿಗೆ ಚನ್ನರಾಯಪಟ್ಟಣದ ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ ಪುಟ್ಟಾ?" ಅಂತಾರೆ. "ಯಾ ಅಜ್ಜಿ, ಐ ಏಟ್" ಅಂತಾನೆ ಅವನು. ಅವನಿಗೆ ಮೊದಲು ಬಂದದ್ದು ಕನ್ನಡ, ಈಗ ಬಾಯಿಗೆ ಬರುವುದು ಇಂಗ್ಲಿಷ್. ಆದರೂ ಅವನ ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜೇ. ಅಲ್ಲಿನ ಸ್ಕೂಲಿಗೆ ಸೇರಿದ ಹೊಸತರಲ್ಲಿ ಅವನಿಗೆ ಹೇಳಿಕೊಟ್ಟದ್ದು ನಿಜವಾದ ಇಎಸ್‌ಎಲ್.

ಪೋಸ್ಟರಿನವರು ಹೇಳುವ ಮಕ್ಕಳು ಬ್ಯಾಂಕಾಕ್, ಹನೋಯ್, ಟೋಕಿಯೋದವರು. ಅವರದು ಇಎಸ್‌ಎಲ್ಲೇ ಅಲ್ಲ, ಇಎಫ್‌ಎಲ್. ವಿದೇಶಿ ಭಾಷೆಯಾಗಿ ಇಂಗ್ಲಿಷ್. ಒಂದಕ್ಷರ ತಾನೇ ಅಂತ ಸುಮ್ನಿರುವ ಹಾಗಿಲ್ಲ, ಪಾಠವೇ ಬದಲಾಗುತ್ತದೆ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷ್ ಬಳಸುವ ದೇಶಗಳನ್ನು ಮೂರು ವೃತ್ತವಾಗಿ ವಿಂಗಡಿಸಿದರು. ಒಳಗಿನದರಲ್ಲಿ ಬ್ರಿಟನ್, ಅಮೆರಿಕದಂಥವು. ಅದರ ಹೊರಗೆ ಭಾರತ, ನೈಜೀರಿಯಾ, ಸಿಂಗಪುರ. ಇನ್ನೂ ಹೊರಗೆ ಜಪಾನ್, ಚೀನಾ. ನಮ್ಮಲ್ಲಿ ಹೈಕೋರ್ಟಿನ ತೀರ್ಪಿನಿಂದ ಹಿಡಿದು ಮಾತ್ರೆ ಸ್ಟ್ರಿಪ್ಪಿನವರೆಗೆ ಇಂಗ್ಲಿಷ್ ಇದೆ. ಜಪಾನಿನಲ್ಲಿ ಮೆಡಿಕಲ್ ಕಾಲೇಜಿನ ಪಾಠವೂ ಜಪಾನಿ ಭಾಷೆಯಲ್ಲೇ ನಡೆಯುತ್ತದೆ. ನ್ಯೂಜೆರ್ಸಿಯ ಮಗುವಿಗೆ ಟಾಯ್ಲೆಟ್‌ಗೆ ಹೋಗಬೇಕು ಅನ್ನುವುದನ್ನು ಇವತ್ತೇ ಇಂಗ್ಲಿಷಲ್ಲಿ ಕೇಳಬೇಕು. ಟೋಕಿಯೋದ ಮಗುವಿಗೆ ಆ ತುರ್ತಿಲ್ಲ. ಪೀರಿಯಡ್ ಮುಗಿದರೆ ಇಂಗ್ಲಿಷೂ ಮುಗಿಯಿತು. ಹಾಗಾಗಿ ಹಾಡು, ಆಟ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸುವುದು, ಎಲ್ಲವೂ ಆ ಪೀರಿಯಡ್‌ನಲ್ಲೇ ಆಗಬೇಕು.

"ನಮ್ಮ ಮಕ್ಕಳಿಗೆ ಬಸ್ಸು, ಲೈಟು ಅನ್ನೋ ಇಂಗ್ಲಿಷ್ ಪದಗಳು ಮೊದಲೇ ಗೊತ್ತು, ಜಪಾನಿನ ಮಕ್ಕಳಿಗೇನೂ ಗೊತ್ತಿರಲ್ಲ" ಅನ್ನುವವರಿಗೆ ಒಂದು ಮಾತು. ಜಪಾನಿಯಲ್ಲೂ ಬಸ್ಸು ‘ಬಸು’, ಟಿವಿ ‘ಟೆರೆಬಿ’. ಕೊನೆಗೆ ಸ್ವರ ಸೇರಿಸುವ ಚಾಳಿ ಅವರಿಗೂ ಇದೆ, ನಮಗೂ ಇದೆ. ಇನ್ನೊಂದು ಹೋಲಿಕೆ ಇದಕ್ಕಿಂತ ಮುಖ್ಯ. ‘ನಾನು ಅನ್ನ ತಿಂದೆ’ ಅನ್ನುವಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಜಪಾನಿಯಲ್ಲೂ ಕೊರಿಯನ್‌ನಲ್ಲೂ ಹಾಗೇ. ಇಂಗ್ಲಿಷಿನ ‘ದಿ’ಗೆ ಸಾಟಿಯಾದದ್ದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಆ ಮಗು ಎಲ್ಲಿ ಎಡವುತ್ತದೆ ಅಂತ ಲಂಡನ್ನಿನವರಿಗಿಂತ ಮೊದಲು ಅರಸೀಕೆರೆಯ ಟೀಚರಿಗೆ ಗೊತ್ತಾಗುತ್ತದೆ. ತಾನೇ ಅಲ್ಲಿ ಎಡವಿ ಕಲಿತವರು ಅವರು.

ಕೆಲಸ ಕೊಡುವವರು ಇದನ್ನು ನೋಡುವುದು ಅಪರೂಪ. ‘ನೇಟಿವ್ ಸ್ಪೀಕರ್’, ಅಂದರೆ ಇಂಗ್ಲಿಷೇ ತಾಯ್ನುಡಿಯಾದವರು ಬೇಕು ಅನ್ನುತ್ತಾರೆ, ಕೇಳುವುದು ಪಾಸ್‌ಪೋರ್ಟನ್ನು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಸಾಮಾನ್ಯವಾಗಿ ಸಿಗುವುದು ಏಳು ದೇಶಗಳವರಿಗೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಪಟ್ಟಿಯಲ್ಲಿ ಭಾರತ ಇಲ್ಲ. ಚೀನಾ 2021ರ ಜುಲೈನಲ್ಲಿ ಹೊರದೇಶದಲ್ಲಿ ಕೂತ ವಿದೇಶಿ ಟೀಚರುಗಳಿಂದ ತನ್ನ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿಸುವುದನ್ನೇ ನಿಲ್ಲಿಸಿತು. ಪೋಸ್ಟರಿನ ‘ಮನೆಯಿಂದಲೇ’ ಅನ್ನುವುದನ್ನು ಓದುವಾಗ ಇದೂ ನೆನಪಿರಲಿ.

ಕೋರ್ಸಿನ ಹೆಸರುಗಳಲ್ಲೂ ಇದೇ ಕಥೆ. ಟೆಫಲ್ ಅಂದರೆ ಇಎಫ್‌ಎಲ್ ಕಲಿಸುವುದು. ಟೆಸಲ್ ಅಂದರೆ ಇಎಸ್‌ಎಲ್ ಕಲಿಸುವುದು. ಟೀಸಾಲ್ ಎರಡಕ್ಕೂ ಆಗುತ್ತದೆ. ಇಂಗ್ಲಿಷ್ ಟೀಚರುಗಳಿಗಾಗಿ ಕೇಂಬ್ರಿಜ್‌ನವರು ನಡೆಸುವ ಸೆಲ್ಟಾ ಒಳ್ಳೆಯ ಕೋರ್ಸು, ಕನಿಷ್ಠ 120 ಗಂಟೆ, ಆರು ಗಂಟೆ ನಿಜವಾದ ಕ್ಲಾಸು ತಗೊಂಡು ತೋರಿಸಬೇಕು. ಆದರೆ ಸೆಲ್ಟಾದ ಕೊನೆಯ ‘ಎ’ ಮೊದಲಿಗೆ ಅಡಲ್ಟ್ಸ್ ಅಂತ ಇತ್ತು. ಆ ಆರು ಗಂಟೆಯಲ್ಲಿ ಎದುರಿಗೆ ಕೂರುವವರು ಈಗಲೂ ದೊಡ್ಡವರೇ. ಮಕ್ಕಳಿಗೆ ಕಲಿಸಲು ಹೊರಟಿದ್ದರೆ ಫೀಸು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಪ್ರಾಕ್ಟೀಸ್ ಕ್ಲಾಸಿನಲ್ಲಿ ಮಕ್ಕಳು ಇರುತ್ತಾರಾ, ಇಲ್ಲವಾ?