ಚನ್ನಮ್ಮ ಹೋರಾಡಿದ್ದು ಡಾಲ್‌ಹೌಸಿಯ ಕಾಯ್ದೆ ವಿರುದ್ಧವೇ?

"ಕಿತ್ತೂರು ಚನ್ನಮ್ಮ ಯುದ್ಧ ಮಾಡಿದ್ದು ಡಾಲ್‌ಹೌಸಿ ತಂದ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ವಿರುದ್ಧ ತಾನೇ?" ಕಿತ್ತೂರು ಉತ್ಸವ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಬೆಳಗಾವಿ ಕಡೆಯ ಭಾಷಣಗಳಲ್ಲೂ ಇದನ್ನೇ ಕೇಳಿದ್ದೇನೆ.

ಅಲ್ಲ. ಇಸವಿ ನೋಡಿದರೆ ಸಾಕು. ಕಿತ್ತೂರಿನ ಯುದ್ಧ 1824ರದ್ದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅವನು ಹುಟ್ಟಿದ್ದೇ 1812ರಲ್ಲಿ, ಅಂದರೆ ಕಿತ್ತೂರು ಕೋಟೆ ಮುಂದೆ ಗುಂಡು ಹಾರುವಾಗ ಅವನಿನ್ನೂ 12 ವರ್ಷದ ಹುಡುಗ. ಆಗ ಗವರ್ನರ್ ಜನರಲ್ ಆಗಿದ್ದವನು ಆಮ್ಹರ್ಸ್ಟ್.

ಜಗಳ ದತ್ತಕದ್ದೇ, ಅದು ನಿಜ. ಚನ್ನಮ್ಮನ ಗಂಡ, ಕಿತ್ತೂರಿನ ದೊರೆ ಮಲ್ಲಸರ್ಜನ ಹಿರಿಯ ರಾಣಿ ರುದ್ರಮ್ಮನ ಮಗ, ಆಗಿನ ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ, ದತ್ತು ತಗೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ದತ್ತಕ ತಿಳಿಸಿದ ಪತ್ರದ ಮೇಲಿನ ಸಹಿ ಬಗ್ಗೆಯೇ ತಕರಾರು ತೆಗೆದ, ಖಜಾನೆಗೆ ಮೊಹರು ಹಾಕಿಸಿ ಕಾವಲು ಇಟ್ಟ, ಕೊನೆಗೆ ತೋಪು ತಂದು ಕೋಟೆ ಬಾಗಿಲಲ್ಲಿ ನಿಲ್ಲಿಸಿದ. ಅಕ್ಟೋಬರ್ 23ರಂದು ಕಿತ್ತೂರಿನವರು ಬಾಗಿಲು ತೆರೆದು ಮೇಲೆ ಬಿದ್ದರು. ಥ್ಯಾಕರೆ ಸತ್ತ. ಇಂಗ್ಲಿಷ್ ಅಧಿಕಾರಿಗಳಾದ ಸ್ಟೀವನ್ಸನ್, ಎಲಿಯಟ್ ಸೆರೆ ಸಿಕ್ಕರು. (ಈ ವಾಲ್ಟರ್ ಎಲಿಯಟ್ಟೇ ಮುಂದೆ ನಮ್ಮ ಸೀಮೆಯ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನು.) ಡಿಸೆಂಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು.

ಗೊಂದಲ ಹುಟ್ಟಿದ್ದು ಝಾನ್ಸಿಯಿಂದ ಅಂತ ನನಗನ್ನಿಸುತ್ತದೆ. ಅಲ್ಲೂ ರಾಣಿ, ಅಲ್ಲೂ ದತ್ತು ಮಗ, ಅಲ್ಲೂ ಕಂಪನಿಯ ನಿರಾಕರಣೆ. ಅಲ್ಲಿ ಡಾಲ್‌ಹೌಸಿ ಇದ್ದ, ಹಾಗಾಗಿ ಇಲ್ಲೂ ಅವನೇ ಅಂತ ಸುಮ್ನೆ ಸೇರಿಸಿಬಿಟ್ಟರು. ಚನ್ನಮ್ಮನನ್ನು "ಕರ್ನಾಟಕದ ಝಾನ್ಸಿ ರಾಣಿ" ಅಂದಾಗೆಲ್ಲ ನನಗೆ ನೋವಾಗುತ್ತದೆ. ಝಾನ್ಸಿಯ ಹೋರಾಟಕ್ಕಿಂತ 33 ವರ್ಷ ಮೊದಲಿನವಳು ಅಲ್ವಾ ಇವಳು?

ಬರೀ ಇಸವಿಯ ತಪ್ಪು, ಬಿಡಿ ಅನ್ನಬೇಡಿ. ದತ್ತಕಕ್ಕೆ ಒಪ್ಪಿಗೆ ಕೊಡುವುದು ಅಪರೂಪಕ್ಕೆ ಮಾತ್ರ ಇರಲಿ ಅಂತ ಕಂಪನಿಯ ನಿರ್ದೇಶಕರು ಹೇಳಿದ್ದು 1834ರಲ್ಲಿ. ಅದನ್ನೇ ಹಿಡಿದುಕೊಂಡು ಡಾಲ್‌ಹೌಸಿ ಸಾತಾರಾ, ಝಾನ್ಸಿ, ನಾಗಪುರ ನುಂಗಿದ. ಚನ್ನಮ್ಮನ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ಹಿಂದೆ ಯಾರೋ ಸೋತದ್ದನ್ನೋ ಗೆದ್ದದ್ದನ್ನೋ ನೋಡಿ ಕಲಿಯುವಂತೆಯೂ ಇರಲಿಲ್ಲ. ಗೊತ್ತಿಲ್ಲದ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವಳನ್ನು ನಾವು ಇನ್ನೊಬ್ಬರ ಕಥೆಯ ಬಾಲಕ್ಕೆ ಕಟ್ಟುತ್ತಿದ್ದೇವೆ.

ನಿಮಗೆ ಕಪ್ಪ ಯಾಕೆ ಕೊಡಬೇಕು ಅಂತ ಚನ್ನಮ್ಮ ಕೇಳುವ ಡೈಲಾಗ್ ಬಗ್ಗೆಯೂ ಕೇಳುತ್ತಾರೆ. ಅದು ಸಿನಿಮಾದ ಮಾತು. ಪೇಶ್ವೆ ಬಿದ್ದ ಮೇಲೆ ಕಿತ್ತೂರು ಕಂಪನಿಗೆ ಕಪ್ಪ ಕೊಡುತ್ತಲೇ ಇತ್ತು. 1824ರಲ್ಲಿ ಕಂಪನಿ ಕೈ ಹಾಕಿದ್ದು ಗಾದಿಗೆ.

ಕೋಟೆ ಬಿದ್ದ ಮೇಲೆ ಚನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡಳು, ಸಮಾಧಿ ಅಲ್ಲೇ ಇದೆ. ಡಾಲ್‌ಹೌಸಿ ಅಧಿಕಾರ ಹಿಡಿಯುವ ಹೊತ್ತಿಗೆ ಆ ಸಮಾಧಿಗೆ ಹತ್ತಿರ ಹತ್ತಿರ 19 ವರ್ಷ ಆಗಿತ್ತು.